ಹಳಿ, ಹೊಗೆ, ಚೌಕಟ್ಟು: ರೈಲು ಛಾಯಾಚಿತ್ರಗಳ ರಚನೆ ಮತ್ತು ಸಂಪಾದನೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಿಮರ್ಶೆ ಎಂದೊಡನೆ ಓದುಗರು ಕಾವ್ಯವನ್ನೋ ಕಾದಂಬರಿಯನ್ನೋ ನಿರೀಕ್ಷಿಸುವುದು ಸಹಜ. ಆದರೆ ನೀಲಗಿರಿಯಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ಕೃತಿಪ್ರಕಾರವೊಂದಿದೆ. ಅದು ಬೆಟ್ಟದ ರೈಲಿನ ಛಾಯಾಚಿತ್ರ. ಗೋಡೆಯ ಕ್ಯಾಲೆಂಡರಿನಲ್ಲಿ, ಚಹದ ಪೊಟ್ಟಣದ ಮೇಲೆ, ಹೋಟೆಲಿನ ಊಟದ ಕೋಣೆಯಲ್ಲಿ, ಈಗ ಪ್ರತಿಯೊಬ್ಬರ ಕೈಯ ಮೊಬೈಲಿನಲ್ಲಿ ಅದೇ ನೀಲಿ ಬೋಗಿಗಳು, ಅದೇ ಹೊಗೆ, ಅದೇ ಹಸುರು. ನಾವು ಇಷ್ಟೊಂದು ನೋಡುವ, ನಮ್ಮ ಮಕ್ಕಳೂ ತೆಗೆಯುವ ಈ ಚಿತ್ರಗಳನ್ನು 'ಚೆನ್ನಾಗಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವು ಏಕೆ ಚೆನ್ನಾಗಿವೆ, ಯಾವುದನ್ನು ತೋರಿಸಿ ಯಾವುದನ್ನು ಮುಚ್ಚಿಟ್ಟು ಚೆನ್ನಾಗಿವೆ ಎಂದು ಕೇಳುವುದು ವಿಮರ್ಶೆಯ ಕೆಲಸ.

ರೈಲಿನ ಚಿತ್ರವೊಂದು ಎರಡು ಹಂತಗಳಲ್ಲಿ ರೂಪುಗೊಳ್ಳುತ್ತದೆ. ಎಲ್ಲಿ ನಿಲ್ಲಬೇಕು, ಚೌಕಟ್ಟಿನೊಳಗೆ ಏನು ಬರಬೇಕು, ಯಾವ ಕ್ಷಣದಲ್ಲಿ ಗುಂಡಿ ಒತ್ತಬೇಕು ಎಂಬುದು ಮೊದಲನೆಯದು. ಅದನ್ನು ರಚನೆ ಎನ್ನೋಣ. ತೆಗೆದ ಮೇಲೆ ಅಂಚು ಕತ್ತರಿಸುವುದು, ಬೆಳಕು ನೆರಳುಗಳನ್ನು ಸರಿದೂಗಿಸುವುದು, ಬಣ್ಣ ತಿದ್ದುವುದು ಎರಡನೆಯದು, ಅದು ಸಂಪಾದನೆ. ಈ ಎರಡನೆಯ ಮಾತಿಗೆ ಕನ್ನಡದಲ್ಲಿ ಘನವಾದ ಪರಂಪರೆಯಿದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಬಲ್ಲವರಿಗೆ ಅದರ ಶಿಸ್ತು ಅಪರಿಚಿತವಲ್ಲ. ಓಲೆಗರಿಯ ಪ್ರತಿಯಲ್ಲಿ ಹುಳು ತಿಂದ ಅಕ್ಷರವಿರುತ್ತದೆ; ಲಿಪಿಕಾರನ ಕೈತಪ್ಪಿರುತ್ತದೆ; ಯಾರೋ ನಡುವೆ ಸೇರಿಸಿದ ಪದ್ಯವಿರುತ್ತದೆ. ಸಂಪಾದಕನು ಮಸುಕಾದುದನ್ನು ಓದುವಂತೆ ಮಾಡುತ್ತಾನೆ; ತಾನು ಊಹಿಸಿದ ಅಕ್ಷರವನ್ನು ಕಂಸದಲ್ಲಿಟ್ಟು ತೋರಿಸುತ್ತಾನೆ; ಬಿಟ್ಟುಹೋದ ಕಡೆ ಗ್ರಂಥಪಾತವೆಂದು ಗುರುತು ಹಾಕುತ್ತಾನೆ; ಪ್ರಕ್ಷಿಪ್ತವೆಂದು ತೋರಿದ್ದನ್ನು ಹಾಗೆಂದೇ ಹೇಳುತ್ತಾನೆ. ತನಗೆ ರುಚಿಸಲಿಲ್ಲವೆಂದು ಪಂಪನ ಒಂದು ಪದ್ಯವನ್ನು ಅಳಿಸುವ ಅಧಿಕಾರ ಅವನಿಗಿಲ್ಲ. ಛಾಯಾಚಿತ್ರವನ್ನು ತಿದ್ದುವ ಕೈಗೂ ಇದೇ ಶಿಸ್ತು ಸಲ್ಲಬೇಕೆಂಬುದು ನಮ್ಮ ವಾದ. ನಮ್ಮ ಬೆಟ್ಟದ ರೈಲಿಗೆ ಬರುವ ಮೊದಲು, ಜಗತ್ತು ಚೆನ್ನಾಗಿ ಬಲ್ಲ ಮೂರು ರೈಲು ಚಿತ್ರಗಳ ಮೇಲೆ ಈ ವಾದವನ್ನು ಒರೆಹಚ್ಚಿ ನೋಡೋಣ.

ಮೊದಲನೆಯದು ಆಂಡ್ರ್ಯೂ ಜೆ. ರಸೆಲ್ 1869ರ ಮೇ 10ರಂದು ಅಮೆರಿಕದ ಯೂಟಾ ಪ್ರಾಂತದ ಪ್ರಾಮಂಟರಿ ಶಿಖರದಲ್ಲಿ ತೆಗೆದ ಚಿತ್ರ. ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಹಾಕಿಕೊಂಡು ಬಂದ ಹಳಿಗಳು ಅಂದು ಕೂಡಿದವು. ಚಿತ್ರದ ರಚನೆ ದೇವಾಲಯದ ದ್ವಾರಬಂಧದಂತೆ ಸಮತೂಕದ್ದು. ಎಡಗಡೆ 'ಜ್ಯೂಪಿಟರ್', ಬಲಗಡೆ '119' ಎಂಬ ಎಂಜಿನ್‌ಗಳು ಎದುರುಬದುರಾಗಿ ನಿಂತಿವೆ. ಒಂದರ ಹೊಗೆಗೊಳವೆ ಆಲಿಕೆಯಂತೆ ಅಗಲ, ಇನ್ನೊಂದರದು ನೆಟ್ಟಗೆ; ಒಂದು ಸೌದೆ ಉರಿಸುವುದು, ಇನ್ನೊಂದು ಕಲ್ಲಿದ್ದಲು ಉರಿಸುವುದು ಎಂಬುದು ಆ ಆಕಾರದಿಂದಲೇ ತಿಳಿಯುತ್ತದೆ. ಎಂಜಿನ್‌ಗಳ ಮೇಲೆ ಹತ್ತಿ ನಿಂತವರು ಸೀಸೆಗಳನ್ನು ಚಾಚಿದ್ದಾರೆ. ಎಲ್ಲ ಗೆರೆಗಳೂ ಇಳಿದು ಬಂದು ಸೇರುವ ನಡುಬಿಂದುವಿನಲ್ಲಿ ಎರಡು ಕಂಪನಿಗಳ ಮುಖ್ಯ ಎಂಜಿನಿಯರುಗಳು ಕೈಕುಲುಕುತ್ತಿದ್ದಾರೆ. ಗಾಜಿನ ಫಲಕಕ್ಕೆ ಹಸಿಯಾದ ರಾಸಾಯನಿಕ ಸವರಿ, ಅದು ಆರುವ ಮುನ್ನ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲದಲ್ಲಿ ಅಷ್ಟು ದೊಡ್ಡ ಗುಂಪನ್ನು ಒಂದು ಹಿಡಿತಕ್ಕೆ ತಂದದ್ದು ಸಾಮಾನ್ಯ ಸಾಧನೆಯಲ್ಲ.

ಆದರೂ ಈ ಚಿತ್ರದಲ್ಲಿ ದೊಡ್ಡದೊಂದು ಗ್ರಂಥಪಾತವಿದೆ. ಸೆಂಟ್ರಲ್ ಪೆಸಿಫಿಕ್ ಮಾರ್ಗದ ಬಂಡೆಗಳನ್ನು ಸಿಡಿಸಿ, ಹಿಮದಲ್ಲಿ ಸುರಂಗ ಕೊರೆದು, ಹಳಿ ಹಾಕಿದವರಲ್ಲಿ ಬಹುಪಾಲು ಜನ ಚೀನಾದಿಂದ ಬಂದ ಕಾರ್ಮಿಕರು. ಅವರ ಸಂಖ್ಯೆ ಹತ್ತು ಸಾವಿರಕ್ಕೂ ಮೀರಿತ್ತು. ನಡುವಿನ ಕೈಕುಲುಕಿಗೆ ಕಣ್ಣನ್ನು ಒಯ್ಯುವ ಈ ಭವ್ಯ ರಚನೆಯಲ್ಲಿ ಅವರು ಕಾಣಿಸುವುದಿಲ್ಲ. ರಸೆಲ್ ಯಾರನ್ನೂ ಅಳಿಸಿದನೆಂದು ನಾವು ಹೇಳುತ್ತಿಲ್ಲ. ಚೌಕಟ್ಟು ಹಿಡಿದ ರೀತಿಯೇ ಅಳಿಸುವ ಕೆಲಸ ಮಾಡಿತು. ಪಠ್ಯಪುಸ್ತಕಗಳಲ್ಲಿ ಅದೊಂದೇ ಚಿತ್ರ ಅಚ್ಚಾಗುತ್ತ ಹೋದಂತೆ ಇಲ್ಲದಿರುವಿಕೆಯೇ ಇತಿಹಾಸವಾಯಿತು. ಚೀನೀ ಮೂಲದ ಅಮೆರಿಕನ್ ಛಾಯಾಗ್ರಾಹಕ ಕಾರ್ಕಿ ಲೀ 2014ರಲ್ಲಿ ಚೀನೀ ಮೂಲದ ಅಮೆರಿಕನ್ನರನ್ನು ಅದೇ ಸ್ಥಳಕ್ಕೆ ಕರೆತಂದು, ಎಂಜಿನ್‌ಗಳ ಮುಂದೆ ನಿಲ್ಲಿಸಿ ಹೊಸ ಚಿತ್ರ ತೆಗೆದರು. ಹಳೆಯ ಚಿತ್ರಕ್ಕೆ ಅವರು ಒಂದು ಮುಖವನ್ನೂ ಅಂಟಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮೂಲಪಾಠವನ್ನು ಮುಟ್ಟದೆ, ಅದರ ಪಕ್ಕದಲ್ಲಿ ಬಿಟ್ಟುಹೋದ ಪಾಠವನ್ನಿಟ್ಟರು. ಒಳ್ಳೆಯ ಗ್ರಂಥಸಂಪಾದಕ ಮಾಡುವುದೂ ಇದನ್ನೇ.

ಎರಡನೆಯದು 1932ರಲ್ಲಿ ಆನ್ರಿ ಕಾರ್ತಿಯೇ ಬ್ರೆಸೋ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ ತೆಗೆದ ಚಿತ್ರ. ಮಳೆನೀರು ನಿಂತ ಅಂಗಳವನ್ನು ದಾಟಲು ಒಬ್ಬಾತ ಹಾರಿದ್ದಾನೆ. ಹಿಮ್ಮಡಿ ಇನ್ನೂ ನೀರನ್ನು ಮುಟ್ಟಿಲ್ಲ. ಅವನ ಪ್ರತಿಬಿಂಬ ಕೆಳಗಿನಿಂದ ಅವನನ್ನು ಎದುರುಗೊಳ್ಳುತ್ತಿದೆ. ಈ ಕಲಾವಿದ ತನ್ನ ಚಿತ್ರಗಳ ಅಂಚನ್ನು ಯಾರೂ ಕತ್ತರಿಸಬಾರದೆಂದು ಹಟ ಹಿಡಿದವನು. ಆದರೂ ಈ ಚಿತ್ರದ ಅಂಚನ್ನು ಕತ್ತರಿಸಲಾಗಿದೆ. ಹಲಗೆಬೇಲಿಯ ಸಂದಿಯಿಂದ ತೆಗೆದುದರಿಂದ ಎಡಭಾಗದಲ್ಲಿ ಹಲಗೆಯ ಕಪ್ಪು ಮರೆ ಬಿದ್ದಿತ್ತು, ಅದನ್ನು ತೆಗೆದುಹಾಕಲಾಯಿತು. ಕಣ್ಣಿಗೆ ಅಡ್ಡಿಯಾಗಿದ್ದ ಮರೆ ಹೋಯಿತು. ಹಾರಿದವನಾಗಲಿ, ನೀರಾಗಲಿ, ಹಿಂದಿನ ನಿಲ್ದಾಣವಾಗಲಿ ಹೋಗಲಿಲ್ಲ. ಲಿಪಿಕಾರನ ಕೈಯಿಂದ ಬಿದ್ದ ಮಸಿಯ ಕಲೆಯನ್ನು ಒರೆಸಿದಷ್ಟೇ ಕೆಲಸವಿದು. ಇಂಥ ಸಂಪಾದನೆಗೆ ನಮ್ಮ ಆಕ್ಷೇಪವಿಲ್ಲ.

ಮೂರನೆಯದು ಹೆಚ್ಚು ಕಠಿಣವಾದ ಪರೀಕ್ಷೆ. ಓ. ವಿನ್‌ಸ್ಟನ್ ಲಿಂಕ್ 1955ರಿಂದ 1960ರವರೆಗೆ ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುಮಾರ್ಗದ ಉದ್ದಕ್ಕೂ ಉಗಿ ಎಂಜಿನ್‌ಗಳ ಚಿತ್ರಗಳನ್ನು ತೆಗೆದ. ಆ ದೇಶದ ದೊಡ್ಡ ರೈಲುಮಾರ್ಗಗಳಲ್ಲಿ ಉಗಿಯನ್ನು ಕೊನೆಯವರೆಗೆ ಉಳಿಸಿಕೊಂಡಿದ್ದದ್ದು ಅದೇ. ಲಿಂಕ್ ಬಹಳಷ್ಟು ಚಿತ್ರಗಳನ್ನು ರಾತ್ರಿಯಲ್ಲಿಯೇ ತೆಗೆದ. ಸೂರ್ಯ ತಾನಿದ್ದಲ್ಲಿಯೇ ಇರುತ್ತಾನೆ, ಹಳಿಯನ್ನೂ ಸರಿಸಲಾಗದು. ಆದರೆ ಕತ್ತಲಲ್ಲಿ ಬೆಳಕನ್ನು ತನಗೆ ಬೇಕಾದ ಕಡೆ ಇಡಬಹುದು. ಎಂಜಿನ್ನಿನ ಉಕ್ಕು, ಬಿಳಿಯ ಉಗಿ, ಹಳಿಯ ಪಕ್ಕದ ಮನೆ ಇವಿಷ್ಟಕ್ಕೆ ಫ್ಲ್ಯಾಶ್ ಬಲ್ಬುಗಳ ಬೆಳಕು. ಉಳಿದುದೆಲ್ಲ ಕತ್ತಲ ಪಾಲು. ರಾತ್ರಿಯೇ ಅವನ ಪಾಲಿಗೆ ಮೊದಲ ಸಂಪಾದಕನಾಯಿತು.

1956ರ ಆಗಸ್ಟ್‌ನಲ್ಲಿ ವೆಸ್ಟ್ ವರ್ಜೀನಿಯಾದ ಐಗರ್ ಎಂಬಲ್ಲಿ ತೆಗೆದ 'ಹಾಟ್‌ಶಾಟ್ ಈಸ್ಟ್‌ಬೌಂಡ್' ಅವನ ಅತ್ಯಂತ ಪ್ರಸಿದ್ಧ ಚಿತ್ರ. ಜನ ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರ. ಮುಂಭಾಗದ ತೆರೆದ ಕಾರಿನಲ್ಲಿ ಯುವಕ ಯುವತಿಯರ ಜೋಡಿ. ಪರದೆಯ ಮೇಲೆ ಹಾರುತ್ತಿರುವ ಜೆಟ್ ವಿಮಾನ. ಅದರಾಚೆ ಬಿಳಿ ಉಗಿಯನ್ನು ಚೆಲ್ಲುತ್ತ ಧಾವಿಸುವ ಸರಕು ರೈಲು. ಕಾರು, ವಿಮಾನ, ರೈಲು ಒಂದೇ ಚೌಕಟ್ಟಿನಲ್ಲಿ. ಹೋಗುತ್ತಿರುವ ಕಾಲವನ್ನು ಬರುತ್ತಿರುವ ಕಾಲ ಬೆನ್ನು ಹಾಕಿ ಕುಳಿತು ನೋಡುತ್ತಿಲ್ಲ ಎಂಬ ಧ್ವನಿ ಅಲ್ಲಿದೆ. ಈ ಚಿತ್ರಕ್ಕೆ ನಲವತ್ತಕ್ಕೂ ಹೆಚ್ಚು ಬಲ್ಬುಗಳು ಒಮ್ಮೆಗೇ ಮಿಂಚಿದವು. ಆ ಪ್ರಖರ ಬೆಳಕಿಗೆ ಪರದೆಯ ಮೇಲಿನ ಸಿನಿಮಾ ಮಾಸಿಹೋಗಿ ಬರಿಯ ಬಿಳಿ ಉಳಿಯಿತು. ಲಿಂಕ್ ಪರದೆಯ ವಿಮಾನವನ್ನು ಬೇರೊಂದು ನೆಗೆಟಿವ್‌ನಿಂದ ತಂದು ಕತ್ತಲಕೋಣೆಯಲ್ಲಿ ಕೂಡಿಸಿದ.

ಇದು ಪಾಠಶೋಧನೆಯೋ ಪ್ರಕ್ಷೇಪವೋ? ಎರಡೂ ಹೌದೆಂಬುದು ನಮ್ಮ ಉತ್ತರ. ಬೆಳಕಿಗೆ ಮಾಸಿದ್ದನ್ನು ಮತ್ತೆ ಕಾಣಿಸಿದ್ದು ಪಾಠಶೋಧನೆ. ಆದರೆ ಓಡುತ್ತಿದ್ದ ಸಿನಿಮಾದ ಸಾವಿರಾರು ದೃಶ್ಯಗಳಲ್ಲಿ ಜೆಟ್ ವಿಮಾನವೇ ಪರದೆಗೆ ಬಂದದ್ದು ಅರ್ಥಕ್ಕಾಗಿ ಮಾಡಿದ ಆಯ್ಕೆ. ಆ ಅರ್ಥ ಕವಿಯದು, ಆ ಕ್ಷಣದ್ದಲ್ಲ. ಅಷ್ಟರಮಟ್ಟಿಗೆ ಅದು ಪ್ರಕ್ಷೇಪವೇ. ಹಾಗಾದರೂ ಈ ಚಿತ್ರವನ್ನು ನಾವು ತಳ್ಳಿಹಾಕಲಾರೆವು. ಏಕೆಂದರೆ ಲಿಂಕ್ ಸೇರಿಸಿದನೇ ಹೊರತು ಕಸಿಯಲಿಲ್ಲ. ರೈಲು ಅಲ್ಲಿ ಓಡಿತ್ತು. ಬಯಲು ಚಿತ್ರಮಂದಿರ ಅಲ್ಲಿತ್ತು. ರೈಲಿನ ಪಕ್ಕದಲ್ಲಿ ಬದುಕುವ ಊರು ಅಲ್ಲಿತ್ತು. ಅವನ ಚಿತ್ರಗಳ ಸಮೂಹವನ್ನು ಒಟ್ಟಿಗೆ ನೋಡಿದರೆ ಅಂಗಡಿಕಟ್ಟೆ, ಈಜುಕೊಳ, ಮನೆಯ ಕಿಟಕಿ, ಎಂಜಿನ್ನಿಗೆ ಎಣ್ಣೆ ಹಾಕುವ ಕಾರ್ಮಿಕ ಎಲ್ಲವೂ ಬರುತ್ತವೆ. ಎಂಜಿನ್ನಿಗೂ ಜನಕ್ಕೂ ಇದ್ದ ನಂಟನ್ನು ಅವನ ಸಂಪಾದನೆ ಕಡಿಯಲಿಲ್ಲ, ಬಿಗಿಗೊಳಿಸಿತು. ಈ ಸಂಯೋಜನೆಯ ಸಂಗತಿ ತಿಳಿದ ಮೇಲೆ ನಾವು ಚಿತ್ರವನ್ನು ಸುದ್ದಿಯಾಗಿ ನೋಡದೆ ಕಾವ್ಯವಾಗಿ ನೋಡುತ್ತೇವೆ. ಆಗ ಅದರ ಬೆಲೆ ಕುಗ್ಗುವುದಿಲ್ಲ. ತಿಳಿಯದೆ ನೋಡಿದ್ದರೆ ಮಾತ್ರ ನಾವು ಮೋಸಹೋಗುತ್ತಿದ್ದೆವು.

ಈ ಮೂರು ಚಿತ್ರಗಳಿಂದ ದೊರೆತ ಅಳತೆಗೋಲನ್ನು ಹಿಡಿದು ಈಗ ನಮ್ಮ ಬೆಟ್ಟಕ್ಕೆ ಬರೋಣ. ನೀಲಗಿರಿ ಬೆಟ್ಟದ ರೈಲಿನ ಪ್ರಸ್ತಾವ 1854ರಷ್ಟು ಹಿಂದಿನದು. ಕೆಲಸ ತೊಡಗಿದ್ದು 1891ರಲ್ಲಿ. ಉದಕಮಂಡಲದವರೆಗೆ ಪೂರ್ತಿಯಾದದ್ದು 1908ರಲ್ಲಿ. ಮೆಟ್ಟುಪಾಳ್ಯದ 326 ಮೀಟರಿನಿಂದ ಉದಕಮಂಡಲದ 2,203 ಮೀಟರಿನವರೆಗೆ 46 ಕಿಲೋಮೀಟರ್ ದೂರವನ್ನು ಈ ಮೀಟರ್ ಗೇಜ್ ಹಳಿ ಏರುತ್ತದೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ ಸುಮಾರು 12 ಅಡಿ ನಡೆದರೆ ಒಂದು ಅಡಿ ಮೇಲೇರಬೇಕು. ಬರಿಯ ಚಕ್ರ ಅಲ್ಲಿ ಜಾರುತ್ತದೆ. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳಿವೆ. ಎಂಜಿನ್ನಿನ ಹಲ್ಲುಚಕ್ರ ಅವನ್ನು ಕಚ್ಚಿಕೊಂಡು ಏರುತ್ತದೆ. ಬೋಗಿಗಳು ಹಿಂದಕ್ಕೆ ಉರುಳದಂತೆ ಎಂಜಿನ್ ಕೆಳತುದಿಯಲ್ಲಿದ್ದು ಮೇಲಕ್ಕೆ ನೂಕುತ್ತದೆ.

ರೈಲು ಛಾಯಾಗ್ರಹಣದ ರೂಢಿಯೊಂದು ಇಲ್ಲಿ ತಲೆಕೆಳಗಾಗುತ್ತದೆ. ಮುಂದೆ ಎಂಜಿನ್, ಹಿಂದೆ ಬೋಗಿಗಳು, ಹಿಂದಕ್ಕೆ ಹರಿಯುವ ಹೊಗೆ: ಇದು ಮಗುವೂ ಬರೆಯುವ ರೈಲಿನ ಚಿತ್ರ. ನಮ್ಮ ರೈಲು ಏರುವಾಗ ಎದುರಿಗೆ ನಿಂತರೆ ಕಾಣುವುದು ಬೋಗಿಯ ಮುಖ. ಅದರ ಮುಂಗಟ್ಟಿನಲ್ಲಿ ಬಾವುಟ ಹಿಡಿದು ನಿಂತ ರೈಲ್ವೆ ನೌಕರ. ಹೀಗಾಗಿ 'ಪರಿಣಾಮ' ಬಯಸುವವರು ಹೆಚ್ಚಾಗಿ ರೈಲು ಇಳಿದು ಬರುವಾಗ ಎದುರಿನಿಂದ ತೆಗೆಯುತ್ತಾರೆ. ಆಗ ಎಂಜಿನ್ ಮುಂದಿರುತ್ತದೆ, ರೂಢಿಗೆ ಒಪ್ಪುತ್ತದೆ. ಆದರೆ ಅಂಥ ಚಿತ್ರಕ್ಕೆ 'ಬೆಟ್ಟವೇರುತ್ತಿರುವ ರೈಲು' ಎಂದು ಹೆಸರಿಟ್ಟರೆ ಅದು ಸುಳ್ಳುಪಾಠವಾಗುತ್ತದೆ. ಏರುವ ರೈಲಿನ ಒಳ್ಳೆಯ ಚಿತ್ರ ಬೇಕೆಂದರೆ ತಿರುವಿನ ಹೊರಮಗ್ಗುಲಿನ ಎತ್ತರದ ಜಾಗವನ್ನು ಹುಡುಕಬೇಕು. ಅಲ್ಲಿಂದ ಬೋಗಿಗಳ ಸಾಲು ಬಿಲ್ಲಿನಂತೆ ಬಾಗಿ, ಆ ಬಿಲ್ಲಿನ ಬುಡದಲ್ಲಿ ಎಂಜಿನ್ ತೋಳುಕೊಟ್ಟು ನೂಕುತ್ತಿರುವುದು ಒಂದೇ ನೋಟಕ್ಕೆ ಸಿಗುತ್ತದೆ. ಹೊಗೆ ಅಲ್ಲಿ ಅಲಂಕಾರವಾಗಿ ಉಳಿಯದೆ ಶ್ರಮದ ಗುರುತಾಗುತ್ತದೆ. ಚೌಕಟ್ಟಿನ ಕೆಳ ಅಂಚಿನಲ್ಲಿ ಹಲ್ಲುಪಟ್ಟಿಯ ತುಣುಕೊಂದು ಕಂಡರಂತೂ ಎಂಜಿನ್ ಏಕೆ ಹಿಂದಿದೆ ಎಂಬುದಕ್ಕೆ ಚಿತ್ರವೇ ಉತ್ತರ ಹೇಳುತ್ತದೆ. ಚಿತ್ರದ ಬಲ ಹುಟ್ಟುವುದು ಇಂಥ ತಿಳಿವಿನಿಂದ. ಆದರೆ ಆ ತುಣುಕಿಗಾಗಿ ಹಳಿಯ ಮೇಲೆ ಕಾಲಿಡುವುದು ಅಪರಾಧವೂ ಹೌದು, ಅಪಾಯವೂ ಹೌದು. ನಿಲ್ದಾಣದ ಕಟ್ಟೆ, ರಸ್ತೆಬದಿ, ಬೋಗಿಯ ಕಿಟಕಿ ಇವಿಷ್ಟರಿಂದಲೇ ಸಾಧ್ಯವಾಗದ ಚಿತ್ರ ನಮಗೆ ಬೇಡ.

ಇನ್ನು ಸಂಪಾದನೆಯ ಮಾತು. ಇಂದು ನಮ್ಮ ಮುಂದೆ ಬರುವ ಬಹುಪಾಲು ಚಿತ್ರಗಳಲ್ಲಿ ನಾಲ್ಕು ದೋಷಗಳು ಮರುಕಳಿಸುವುದನ್ನು ಕಾಣುತ್ತೇವೆ. ಮೊದಲನೆಯದು ವೇಗದ ಸುಳ್ಳು. ಹಲ್ಲುಪಟ್ಟಿಯ ದಾರಿಯಲ್ಲಿ ಈ ರೈಲು ಗಂಟೆಗೆ ಹೆಚ್ಚೆಂದರೆ 13 ಕಿಲೋಮೀಟರ್ ಸಾಗುತ್ತದೆ; ಸೈಕಲ್ ತುಳಿಯುವ ಹುಡುಗನಿಗೂ ಅದು ಸೋಲುತ್ತದೆ. ಹಿನ್ನೆಲೆಯ ಮರಗಳನ್ನು ತಂತ್ರಾಂಶದಿಂದ ಉಜ್ಜಿ ಮಸುಕುಮಾಡಿ ರೈಲು ಬಾಣದಂತೆ ಹೋಗುತ್ತಿದೆ ಎಂಬ ಭ್ರಮೆ ಹುಟ್ಟಿಸಿದರೆ ಈ ರೈಲಿನ ಸ್ವಭಾವವನ್ನೇ ಕೊಂದಂತೆ. ಅದರ ಸೊಬಗಿರುವುದೇ ಅದರ ನಿಧಾನದಲ್ಲಿ.

ಎರಡನೆಯದು ಬಣ್ಣದ ಅತಿರೇಕ. ಚಹತೋಟದ ಹಸುರು ಒಂದೇ ಬಗೆಯದಲ್ಲ. ಎಳೆಚಿಗುರಿನದು ಬೇರೆ, ಬಲಿತ ಎಲೆಯದು ಬೇರೆ, ನಡುವೆ ನಿಂತ ಸಿಲ್ವರ್ ಓಕ್ ಮರದ್ದು ಬೇರೆ. ಬಣ್ಣವನ್ನು ಏರಿಸುತ್ತ ಹೋದರೆ ಎಲ್ಲವೂ ಗಿಳಿಹಸುರಾಗಿ ಬೋಗಿಯ ನೀಲಿ ಆಟಿಕೆಯ ನೀಲಿಯಾಗುತ್ತದೆ. ಮೂರನೆಯದು ಮಂಜನ್ನು ಅಳಿಸುವುದು. ದೂರದ ಬೆಟ್ಟಗಳನ್ನು ಒಂದರ ಹಿಂದೊಂದು ಮಸುಕಾಗಿಸಿ ನೀಲಿಯ ಪದರಗಳಾಗಿ ತೋರಿಸುವುದು ಈ ಮಂಜೇ. ಬೆಟ್ಟಕ್ಕೆ ಹೆಸರು ಕೊಟ್ಟದ್ದೂ ಆ ನೀಲಿಯೇ. ಒಂದು ಗುಂಡಿಯನ್ನೊತ್ತಿ ಅದನ್ನು ತೊಳೆದುಬಿಟ್ಟರೆ ದೂರ ಹತ್ತಿರಗಳ ಭೇದ ಅಳಿದು ಬೆಟ್ಟ ರಂಗಪರದೆಯಂತೆ ಚಪ್ಪಟೆಯಾಗುತ್ತದೆ. ಎಂಜಿನ್ನಿನ ಕಪ್ಪಿನಲ್ಲಿ ಮುಳುಗಿರುವ ವಿವರವನ್ನು ತುಸು ತಿಳಿಗೊಳಿಸಿ, ಪಕ್ಕದಲ್ಲಿ ಒಂದರ ಮೇಲೊಂದು ಕುಳಿತ ಸಿಲಿಂಡರುಗಳು ಕಾಣುವಂತೆ ಮಾಡುವುದು ಒಳ್ಳೆಯ ಸಂಪಾದನೆ. ಅಲ್ಲಿ ಮಸುಕಾದ ಅಕ್ಷರವನ್ನು ಓದಿಸಿದಂತಾಯಿತು. ಮಂಜನ್ನು ಅಳಿಸುವುದು ಮಾತ್ರ ಛಂದಸ್ಸನ್ನೇ ಬದಲಿಸಿದಂತೆ. ಕೂನೂರಿನಿಂದ ಮೇಲಕ್ಕೆ ದಿನನಿತ್ಯದ ರೈಲನ್ನು ಒಯ್ಯುವ ಡೀಸೆಲ್ ಎಂಜಿನ್ನಿಗೆ ಉಗಿಯ ಮೋಡವನ್ನು ಅಂಟಿಸುವುದಕ್ಕಂತೂ ಹೆಸರೇ ಬೇಕಿಲ್ಲ.

ನಾಲ್ಕನೆಯ ದೋಷ ನಮ್ಮನ್ನು ಹೆಚ್ಚು ಕಾಡುತ್ತದೆ. ಅದು ಜನರನ್ನು ಅಳಿಸುವುದು. ವಿದ್ಯುತ್ ತಂತಿ, ಕಂಬ, ಕಸ ಎಂದು ಆರಂಭವಾದ ಒರೆಸುವಿಕೆ ಬಟ್ಟೆ ಒಣಹಾಕಿದ ಲೈನ್ ಮನೆಯವರೆಗೆ, ಹಳಿಯ ಪಕ್ಕ ಗುದ್ದಲಿ ಹಿಡಿದು ನಿಂತ ಗ್ಯಾಂಗ್‌ಮನ್‌ವರೆಗೆ, ಚಹಸೊಪ್ಪಿನ ಹೊರೆ ಹೊತ್ತ ಹೆಂಗಸಿನವರೆಗೆ ಸಾಗುತ್ತದೆ. ಉಳಿಯುವುದು ಯಾರೂ ಇಲ್ಲದ ಹಸುರಿನಲ್ಲಿ ತಾನೇ ತಾನಾಗಿ ಓಡುವ ಒಂದು ಬೊಂಬೆರೈಲು. ಆದರೆ ಈ ರೈಲು ತಾನೇ ತಾನಾಗಿ ಓಡುವುದಲ್ಲ. ಎಂಜಿನ್ನಿನ ಸಿಳ್ಳೆಯ ಸಂಕೇತಕ್ಕೆ ಕಿವಿಗೊಟ್ಟು ಬೋಗಿಗಳ ಬ್ರೇಕ್ ಹಿಡಿಯುವ ಬ್ರೇಕ್ಸ್‌ಮನ್‌ಗಳಿದ್ದಾರೆ. ಹಿಂಗಾರಿನ ಮಳೆಗೆ ಗುಡ್ಡ ಜರಿದು ಬಂಡೆ ಹಳಿಗೆ ಬಿದ್ದಾಗ ಅದನ್ನು ಒಡೆದು ದಾರಿ ಬಿಡಿಸುವವರಿದ್ದಾರೆ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಅದರ ಸುತ್ತ ಓಡಾಡುವ ಕೈಗಳಿವೆ. ಕೇತಿ ಕಣಿವೆಯಲ್ಲಿ ಹಳಿಯ ಕೆಳಗೆ ಹರಡಿಕೊಂಡ ಬಡಗ ಹಟ್ಟಿಗಳಿವೆ, ಅವರ ಮೆಟ್ಟಿಲು ಹೊಲಗಳಿವೆ. ಪ್ರಾಮಂಟರಿಯ ಚಿತ್ರದಲ್ಲಿ ಚೀನೀ ಕಾರ್ಮಿಕರಿಗೆ ಆದದ್ದು ನಮ್ಮ ಕಣ್ಣೆದುರಿಗೇ ಇವರಿಗೆ ಆಗುತ್ತಿದೆ. ಅಲ್ಲಿ ಚೌಕಟ್ಟು ಮಾಡಿದ ಕೆಲಸವನ್ನು ಇಲ್ಲಿ ಬೆರಳ ತುದಿ ಮಾಡುತ್ತಿದೆ.

ನಮ್ಮಂಥ ಗಡಿಯಾಚೆಯ ಕನ್ನಡಿಗರಿಗೆ ಇದು ಬರಿಯ ಸೌಂದರ್ಯದ ಪ್ರಶ್ನೆಯಲ್ಲ. ಒಂದು ಊರಿನ ಚಿತ್ರದಲ್ಲಿ ಯಾರು ಉಳಿಯುತ್ತಾರೆ, ಯಾರು ಅಂಚಿನಾಚೆ ಹೋಗುತ್ತಾರೆ ಎಂಬುದರ ನೋವು ಅಂಚಿನಲ್ಲಿ ಬದುಕುವವರಿಗೆ ಗೊತ್ತಿರಬೇಕು. ನಾಳೆ ಈ ಬೆಟ್ಟವನ್ನು ಬಿಟ್ಟು ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗುವ ನಮ್ಮ ಮಕ್ಕಳ ಕೈಯಲ್ಲಿ ಉಳಿಯುವುದು ಈ ಚಿತ್ರಗಳೇ. ಅವುಗಳಲ್ಲಿ ಊರಿನ ಜನ ಇಲ್ಲದಿದ್ದರೆ, ಊರು ಇದ್ದುದೇ ಹಾಗೆ ಎಂದು ಮೊಮ್ಮಕ್ಕಳು ನಂಬುತ್ತಾರೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದು ಕರೆದ. ಯಾವುದು ಯಾವುದಕ್ಕೆ ಒಪ್ಪುತ್ತದೋ ಅದು ಉಚಿತ. ಸೊಂಟಕ್ಕೆ ಹಾರ, ಕೊರಳಿಗೆ ಡಾಬು ಇಟ್ಟರೆ ಚಿನ್ನವೂ ನಗೆಪಾಟಲಾಗುತ್ತದೆ. ರೈಲಿನ ಚಿತ್ರಕ್ಕೆ ಇದನ್ನು ಅನ್ವಯಿಸಿದರೆ ಅಳತೆಗೋಲು ಸರಳ. ತಿದ್ದಿದ ಮೇಲೆ ಆ ರೈಲು ಹೇಗೆ ಸಾಗುತ್ತದೆ, ಯಾರ ಶ್ರಮದಿಂದ ಸಾಗುತ್ತದೆ, ಎಂಥ ನೆಲದ ಮೇಲೆ ಸಾಗುತ್ತದೆ ಎಂಬುದು ಮೊದಲಿಗಿಂತ ಸ್ಪಷ್ಟವಾಯಿತೆ? ಆಗಿದ್ದರೆ ತಿದ್ದುಪಡಿ ಉಚಿತ. ಮರೆಯಾಯಿತೆ? ಹಾಗಾದರೆ ಎಷ್ಟೇ ಕಣ್ಸೆಳೆದರೂ ಅನುಚಿತ.

ಸಂಘದ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟೆ. ತೆಗೆದ ಮೂಲಚಿತ್ರವನ್ನು ತಿದ್ದಿದ ಪ್ರತಿಯ ಜೊತೆಗೇ ಕಾಪಾಡಿ. ಓಲೆಗರಿಯನ್ನು ಅಚ್ಚಾದ ಮೇಲೆ ಒಲೆಗೆ ಹಾಕುವವರುಂಟೆ? ಸ್ಥಳ, ದಿನಾಂಕ, ರೈಲು ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬ ಮೂರು ಮಾತನ್ನು ಬರೆದಿಡಿ. ಏನನ್ನಾದರೂ ಸೇರಿಸಿದ್ದರೆ ಹಾಗೆಂದು ಹೇಳಿ. ಅಜ್ಜಂದಿರ ಪೆಟ್ಟಿಗೆಯಲ್ಲಿ ನಿಲ್ದಾಣದ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಚಿತ್ರಗಳಿದ್ದರೆ ಗೀರುಗಳನ್ನು ಒರೆಸಿ, ಮಾಸಿದ ಮುಖಗಳನ್ನು ತಿಳಿಗೊಳಿಸಿ; ಹಿಂದೆ ನಿಂತ ಅಪರಿಚಿತ ಕೂಲಿಯಾಳನ್ನು ಮಾತ್ರ ಕತ್ತರಿಸಬೇಡಿ. ಅವನ ಹೆಸರು ನಮಗೆ ತಿಳಿಯದಿದ್ದರೂ ಆ ಚೌಕಟ್ಟಿನಲ್ಲಿ ಅವನಿಗೂ ನಮ್ಮಷ್ಟೇ ಹಕ್ಕಿದೆ.